ಮಂಜಿನಲ್ಲಿ ಕಾದವನು

ಕಾಲೇಜಿನ ಪುಸ್ತಕ ಭಂಡಾರದಿಂದ ರಜೆಗೆ ತಂದಿದ್ದ ಆ ಇಂಗ್ಲಿಷ್ ಪುಸ್ತಕದ ರಟ್ಟು ಹಸಿರೋ ನೀಲಿಯೋ, ಈಗ ಹೇಳಲಾರೆ. ಒಳಗಿದ್ದುದು ವಿಜ್ಞಾನಿಗಳ, ಕಾಣದ ನೆಲ ಹುಡುಕಿ ಹೊರಟವರ ಜೀವನಗಳು. ಒಂದೊಂದನ್ನು ಓದಿ ಮುಗಿಸಿದಾಗಲೂ ಮೈ ಜುಮ್ಮೆನ್ನುತ್ತಿತ್ತು. ಒಬ್ಬನೇ ಓದಿಕೊಂಡು ಸುಮ್ಮನಿರಲಾಗದೆ, ಬೆಟ್ಟದಪುರದ ಸೋದರಮಾವನ ಜಗಲಿಯ ಮೇಲೆ ಕೂತು ಮಧ್ಯಾಹ್ನದ ಹೊತ್ತು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೆ.

ಮಾವ ಟಪಾಲು ಹೊರುವವನು. ಬೆಳಗಾಗುತ್ತಲೇ ಚೀಲ ಹೊತ್ತು, ಗೆಜ್ಜೆ ಕಟ್ಟಿದ ಕೋಲು ಹಿಡಿದು ಪಿರಿಯಾಪಟ್ಟಣದ ಅರ್ಧ ದಾರಿ ನಡೆಯುತ್ತಿದ್ದ. ಆ ಕಡೆಯಿಂದ ಬರುವವನ ಜತೆ ಒಂದು ಮರದಡಿ ಚೀಲ ಬದಲಿಸಿಕೊಂಡು ಹಿಂತಿರುಗುತ್ತಿದ್ದ.

ಗಾಜು ಕೂರಿಸಿದ ಕೊಳವೆಯಲ್ಲಿ ಚಂದ್ರನ ಬೆಟ್ಟಗಳನ್ನು ಕಂಡವನ ಕತೆಗೆ ಮಾವ ತಲೆದೂಗಿದ, ಅಷ್ಟೆ. ದಕ್ಷಿಣ ಧ್ರುವಕ್ಕೆ ನಡೆದುಹೋದವರ ಕತೆ ಶುರುವಾದಾಗ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ಅಲ್ಲೇ ನಿಂತಿತು.

ಆಮೇಲೆ ಆದದ್ದಕ್ಕೆಲ್ಲ ಕಾರಣ ನನ್ನ ಅನುವಾದ. ಹಿಮ ಅಂದರೆ ಪುರಾಣದಂತೆ ಕೇಳೀತೆಂದು ನಾನು ಮಂಜು ಅಂದೆ. ನಮ್ಮ ಕಡೆ ಮಂಜೆಂದರೆ ಮಾರ್ಗಶಿರದಲ್ಲಿ ಹೊಲದ ಮೇಲೆ ಇಳಿದು, ಹತ್ತು ಮಾರಿನಾಚೆಯ ಎತ್ತನ್ನೂ ಮುಚ್ಚಿಬಿಡುವಂಥದ್ದು.

"ವಾಪಸ್ ಬರೋವಾಗ ಮಂಜಲ್ಲಿ ಸಿಕ್ಕೊಂಡು ಸತ್ರು ಮಾವ. ಊಟ ಇಟ್ಟಿದ್ದ ಜಾಗ ಹತ್ತು ಹನ್ನೊಂದು ಮೈಲಿ ಇತ್ತಂತೆ."

"ಇಲ್ಲಿಂದ ಪಿರಿಯಾಪಟ್ನದಷ್ಟು," ಎಂದ ಮಾವ.

"ಕಾಲೇಜಿಗೆ ಓಗಿ ಸತ್ತೋರ ಸುದ್ದಿ ಒತ್ಕಂಡ್ ಬಂದವ್ನೆ ನಿಮ್ ಅಳಿಮಯ್ಯ," ಎಂದು ಅತ್ತೆ ಒಳಗಿಂದ ಕುಟುಕಿದಳು. "ಮದ್ವೆ ಸುದ್ದಿ ಒಂದೂ ಇಲ್ವೇನಪ್ಪ ಅದ್ರಲ್ಲಿ?"

ನಾನು ತಿದ್ದಲು ಹೋದೆ. "ಅದು ನಮ್ಮ ಮಂಜಲ್ಲ ಮಾವ. ನೀರು ಕಲ್ಲಾಗಿರ್ತದೆ. ಮೈಸೂರಿನ ಸೋಡಾ ಅಂಗಡೀಲಿ ಐಸು ಇಡ್ತಾರಲ್ಲ, ಅಂಥದ್ದು."

"ಮಂಜು ಮಂಜೇ ಕಣ್ಲಾ. ಊಟದ ತಾವ ಯಾರೂ ಇರ್ನಿಲ್ವಾ?"

ಪುಟ ತಿರುವಿದೆ. "ಒಬ್ಬ ಇದ್ದ. ನಾಯಿ ಗಾಡಿ ಕಟ್ಕೊಂಡು ಅಲ್ಲೀತನಕ ಬಂದು ಕಾದ. ಏನೂ ಕಾಣ್ಲಿಲ್ಲ. ವಾಪಸ್ ಹೋದ."

ಒಳಗೆ ಅತ್ತೆ ಕೇರುತ್ತಿದ್ದ ಮೊರದ ಸದ್ದು ನಿಂತಿತು. ಆಗ ನನಗೆ ಹೊಳೆಯಿತು. ಮೂರು ವರ್ಷದ ಹಿಂದೆ ಇಂಥದೇ ಚಳಿಯಲ್ಲಿ ಮಾವ ಆ ಮರದಡಿ, ಆ ಕಡೆಯಿಂದ ಚೀಲ ತರುವವನ ಗೆಜ್ಜೆಗಾಗಿ ಕಿವಿಗೊಟ್ಟು ನಿಂತಿದ್ದ. ಗೆಜ್ಜೆ ಕೇಳಲಿಲ್ಲ. ಮಂಜು ಹರಿದ ಮೇಲೆ ಹಿಂತಿರುಗಿದ. ಆ ಮನುಷ್ಯ ಚಳಿಜ್ವರ ಬಂದು ಎರಡು ಫರ್ಲಾಂಗ್ ಆಚೆ ಬದುವಿನ ಪಕ್ಕ ಬಿದ್ದಿದ್ದ, ಉಳಿಯಲಿಲ್ಲ. ಮಾವನನ್ನು ಯಾರೂ ದೂರಲಿಲ್ಲ. ಮಾವನೂ ಆ ವಿಷಯ ಎತ್ತಲಿಲ್ಲ.

ಕಾದವನ ಬಗ್ಗೆ ಆ ಪುಸ್ತಕದಲ್ಲಿ ನಿಜಕ್ಕೂ ಎರಡು ಸಾಲು ಇತ್ತೇ? ಆಮೇಲೊಮ್ಮೆ ಅದೇ ಭಂಡಾರದಲ್ಲಿ ಹುಡುಕಿದೆ. ಸಿಕ್ಕಿದ ಪುಸ್ತಕದಲ್ಲಿ ಅಂಥ ಸಾಲು ಇರಲಿಲ್ಲ. ಅದೇ ಪುಸ್ತಕವೋ ಅಲ್ಲವೋ ಅದೂ ಖಾತ್ರಿಯಿಲ್ಲ. ಎಲ್ಲೋ ಬೇರೆ ಕಡೆ ಓದಿದ್ದನ್ನು ಇಲ್ಲಿ ಸೇರಿಸಿಕೊಂಡೆನೇ, ಮಾವನ ಮುಖ ನೋಡಿ ಬಾಯಿಗೆ ಬಂದದ್ದು ಹೇಳಿದೆನೇ, ತಿಳಿಯದು. ಮುಂದಿನದು ಮಾತ್ರ ಸುಳ್ಳಲ್ಲ. ಬರೆದ ಕೈ ನನ್ನದೇ.

"ಆ ಕಾದೋನು ಬದುಕವ್ನಾ?"

"ಇರಬೌದು ಮಾವ."

"ಅಂಗಾದ್ರೆ ಅವ್ನಿಗೊಂದು ಕಾಗ್ದ ಬರಿ."

"ವಿಳಾಸ?"

"ಪುಸ್ತಕ ಅಚ್ಚಾಕಿದ ಊರು ಅದ್ರಲ್ಲೇ ಇರ್ತದಲ್ಲ, ಅಲ್ಲಿಗೇ ಬರಿ. ಅಲ್ಲೂ ನನ್ನಂಗೆ ಚೀಲ ಒರೋನು ಒಬ್ಬ ಇರ್ತಾನೆ. ಉಡುಕ್ತಾನೆ."

ನಗು ಬರಬೇಕಿತ್ತು. ಬರಲಿಲ್ಲ. ಹಾಳೆ ತೆಗೆದೆ. ಮಾವ ಬೀದಿಯ ಕಡೆ ನೋಡುತ್ತ, ಬಿಟ್ಟು ಬಿಟ್ಟು ಹೇಳಿದ. "ಸ್ವಾಮಿ, ಮಂಜಲ್ಲಿ ಕಣ್ಣೂ ನಡೆಯಕಿಲ್ಲ, ಕಿವೀನೂ ನಡೆಯಕಿಲ್ಲ. ನೀವು ಮುಂದಕ್ಕೋಗಿದ್ರೂ ಅವ್ರು ಸಿಕ್ತಿರ್ನಿಲ್ಲ. ಸಿಕ್ತಿದ್ರೇನೋ, ಅದೂ ಗೊತ್ತಿಲ್ಲ. ನೀವು ಕಾದ್ರಿ."

ಇಷ್ಟು ಹೇಳಿ, "ಓದು," ಎಂದ. ಓದಿದೆ. ಇನ್ನೊಮ್ಮೆ ಓದಿಸಿದ. ಭೂಮಿಯ ತುದಿಯಲ್ಲಿ ಯಾರೋ ಪಟ್ಟ ಪಾಡು ಇಷ್ಟು ದೂರ ನಡೆದು ಈ ಜಗಲಿಗೆ ಬಂದಿತ್ತಲ್ಲ ಎಂದು ನಾನು ಬೆರಗಾಗಿ ಕೂತಿದ್ದೆ.

ಕೆಳಗೆ ಯಾರ ಹೆಸರು ಹಾಕಲಿ ಎಂದು ಕೇಳಿದೆ. ತನ್ನ ಹೆಸರು ಹೇಳಿದ. ಆಮೇಲೆ ಬದುವಿನ ಪಕ್ಕ ಬಿದ್ದಿದ್ದವನ ಹೆಸರನ್ನೂ ಹೇಳಿದ. ಆ ಹೆಸರು ಮಾವನ ಬಾಯಲ್ಲಿ ಬಂದದ್ದು ಮೂರು ವರ್ಷದಲ್ಲಿ ಅದೇ ಮೊದಲಂತೆ. ಅತ್ತೆ ಬಾಗಿಲಿಗೆ ಬಂದು ನಿಂತಿದ್ದಳು.