ಬಸ್ಸಿನಲ್ಲಿ ತೂಗಿದ ತೊಟ್ಟಿಲು

ಎರಡನೇ ಮಗಳ ನಾಮಕರಣಕ್ಕೆ ಸೊರಬದ ಅಕ್ಕನ ಮನೆಯಿಂದ ತೊಟ್ಟಿಲು ತರುತ್ತಿದ್ದೆ. ಶಿಕಾರಿಪುರದ ಬಸ್ಸಿನಲ್ಲಿ ಇಡಲು ಜಾಗವಿಲ್ಲದೆ ಮೇಲಿನ ಕಂಬಿಗೆ ಕಟ್ಟಿದೆ. ಬಸ್ಸು ಹೊರಟಿದ್ದೇ ತಡ, ತೊಟ್ಟಿಲು ತೂಗಾಡತೊಡಗಿತು.

"ಖಾಲಿ ತೊಟ್ಟಿಲು ತೂಗಬಾರದು ಕಣಪ್ಪ!" ಪಕ್ಕದಲ್ಲಿದ್ದ ಅಜ್ಜಿ ಗದರಿ, ತನ್ನ ಚೀಲದಲ್ಲಿದ್ದ ಸಿಹಿಗುಂಬಳಕಾಯಿಯನ್ನು ಅದರಲ್ಲಿ ಮಲಗಿಸಿ ಟವೆಲ್ ಹೊದಿಸಿದಳು.

ಹತ್ತಿದವರೆಲ್ಲ ಇಣುಕಿ ನೋಡಿ ನಗುವವರೇ. ಮೊದಮೊದಲು ನಾಚಿಕೆಯಾಯಿತು. ಆಮೇಲೆ, "ನಮಗೆ ಎರಡನೇ ಮಗಳು ಹುಟ್ಟ್ಯಾಳ್ರೀ," ಅಂತ ಕೇಳದವರಿಗೂ ಎದೆಯುಬ್ಬಿಸಿ ಹೇಳಿದೆ.

ಇಳಿಯುವಾಗ ಕಾಯಿ ವಾಪಸ್ ಕೊಡಹೋದೆ.

"ಮಲಗಿದ್ದನ್ನ ಎಬ್ಬಿಸ್ತಾರೇನೋ? ಹಂಗೇ ತಗೊಂಡು ಹೋಗು," ಅಂದಳು ಅಜ್ಜಿ.

ಮನೆಯಲ್ಲಿ ದೊಡ್ಡ ಮಗಳು ಓಡಿಬಂದು ಟವೆಲ್ ಸರಿಸಿದಳು. "ಅಮ್ಮಾ, ಅಪ್ಪ ಇನ್ನೊಂದು ಪಾಪು ತಂದಾರೆ!"

ಮೂರು ಮಕ್ಕಳಲ್ಲಿ ಆ ರಾತ್ರಿ ಅಳದೆ ಮಲಗಿದ್ದು ಅದೊಂದೇ.