ಮಕ್ಕಳ ಇಷ್ಟವನ್ನು ನಾನೇ ತುಂಬಿದ ದಿನ

ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇದ್ದಾಗ ನಡೆದದ್ದು. ಗುಂಡ್ಲುಪೇಟೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು ನಾನು. ಮನೆ ಚಾಮರಾಜನಗರದಲ್ಲಿ. ದಿನಕ್ಕೆರಡು ಸಲ ಬಸ್ಸಿನಲ್ಲಿ ಕುಲುಕಿಸಿಕೊಂಡು ಸೊಂಟ ಸವೆದಿತ್ತು. ಆ ವರ್ಷ ಪಾಠದ ಜೊತೆಗೆ ವೃತ್ತಿ ಮಾರ್ಗದರ್ಶನದ ಹೊಣೆಯೂ ತಲೆಗೆ ಬಿತ್ತು. ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಯಾವ ಯಾವ ಕೆಲಸಕ್ಕೆ ಬರುತ್ತದೆಂದು ತೋರಿಸಬೇಕು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಇಷ್ಟ ಕೇಳಿ ಫಾರಂ ತುಂಬಿಸಬೇಕು. ಅದನ್ನು ಇಲಾಖೆಯ ಪೋರ್ಟಲ್‌ಗೆ ಏರಿಸಬೇಕು.

ನಲವತ್ತೆರಡು ಮಕ್ಕಳು, ತಲಾ ಮೂವತ್ತು ಪ್ರಶ್ನೆ. ಮಧ್ಯೆ ಬಿಸಿಯೂಟದ ಮೊಟ್ಟೆ ಲೆಕ್ಕ, ಮತದಾರರ ಪಟ್ಟಿ, ಕಿರುಪರೀಕ್ಷೆಯ ಪೇಪರ್. ಇವತ್ತು ನಾಳೆ ಎಂದು ತಳ್ಳುತ್ತಾ ಬಂದೆ. ಕೊನೆಗೊಂದು ಮಧ್ಯಾಹ್ನ ಹೆಡ್‌ಮಾಸ್ಟರು ಬಂದು, "ಸಂಜೆ ಐದ್ಗಂಟೆಗೆ ಪೋರ್ಟಲ್ ಮುಚ್ಚುತ್ತೆ ಮೇಷ್ಟ್ರೇ, ಏನಾದ್ರೂ ಮಾಡ್ಬುಡಿ" ಎಂದರು.

ಮಾಡಿಬಿಟ್ಟೆ. ಮಕ್ಕಳನ್ನು ಆಟಕ್ಕೆ ಬಿಟ್ಟು, ಸ್ಟಾಫ್ ರೂಮಿನಲ್ಲಿ ಒಬ್ಬನೇ ಕೂತು ನಲವತ್ತೆರಡು ಫಾರಂ ತುಂಬಿದೆ. 'ವಿದ್ಯಾರ್ಥಿಯ ಇಷ್ಟದ ವೃತ್ತಿ' ಎಂಬಲ್ಲಿ ಗಂಡುಹುಡುಗರಿಗೆ ಪೊಲೀಸ್, ಮಿಲಿಟರಿ. ಹೆಣ್ಣುಮಕ್ಕಳಿಗೆ ಶಿಕ್ಷಕಿ, ನರ್ಸ್. ನಾಲ್ಕೈದು ಹುಡುಗಿಯರಿಗೆ, ಎಲ್ಲವೂ ಒಂದೇ ಆಗದಿರಲಿ ಎಂದು, ಹೊಲಿಗೆ ಎಂದು ಬರೆದೆ. ಅದರಲ್ಲಿ ಶಾಹಿನಾ ಒಬ್ಬಳು. ಅವಳ ಬೀದಿ ನೋಡಿ ಹಾಗೆ ಬರೆದೆ ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಇದಾಗಿ ಎರಡು ತಿಂಗಳಿಗೆ ನನ್ನ ಪರಿಚಯದ ಸರ್ವೆಯರ್ ಒಬ್ಬರನ್ನು ಶಾಲೆಗೆ ಕರೆಸಿದೆ. ಅವರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಥಿಯೋಡೊಲೈಟ್ ನಿಲ್ಲಿಸಿದರು. ಕೋನ ಅಳೆಯುವ ದುರ್ಬೀನು ಅದು. ಶಾಹಿನಾ ಅದರಲ್ಲಿ ಕಣ್ಣಿಟ್ಟು, "ಸಾ, ಮ್ಯಾಕ್ ಅತ್ದೇನೇ ಟ್ಯಾಂಕಿ ಎತ್ರ ಸಿಕ್ತದಾ?" ಎಂದು ಕೇಳಿದಳು. ಸಿಗುತ್ತದೆ ಎಂದರು. ಅವಳು ಅಲ್ಲೇ ನೆಲದ ಮೇಲೆ ಕೂತು, ನಾನು ಕಲಿಸಿದ್ದ ತ್ರಿಕೋನಮಿತಿಯಲ್ಲೇ ನೀರಿನ ಟ್ಯಾಂಕಿನ ಎತ್ತರ ತೆಗೆದಳು. ಮೂವತ್ತು ವರ್ಷ ಆ ಪಾಠ ಮಾಡಿದ್ದೆ. ಅದು ಒಬ್ಬರ ಕೈಗೆ ಹತ್ತಿದ್ದನ್ನು ಕಣ್ಣಾರೆ ಕಂಡು ನಿಜವಾಗಿ ಖುಷಿಯಾಯಿತು.

ಫಲಿತಾಂಶದ ಜೊತೆಗೇ, ನಾನು ತುಂಬಿದ್ದ ಫಾರಂಗಳಿಂದ ತಯಾರಾದ ವೃತ್ತಿ ಕಾರ್ಡುಗಳೂ ಅಚ್ಚಾಗಿ ಮಕ್ಕಳ ಮನೆಗೆ ಹೋದವು. ವಾರದ ಮೇಲೆ ಶಾಹಿನಾ ಕಾರ್ಡು ಹಿಡಿದು ಬಂದಳು.

"ಸಾ, ಇದ್ನ ಯಾರ್ ಬರೆದ್ರು? ನನ್ನ ಯಾರೂ ಕೇಳ್ನೇ ಇಲ್ವಲ್ಲ. ನಾನು ಸಿವಿಲ್ ಡಿಪ್ಲೊಮಾ ಸೇರ್ಬೇಕು ಅಂದ್ರೆ, ಇಸ್ಕೂಲ್ನೋರೇ ಒಲಿಗೆ ಅಂದವ್ರೆ ಅಂತ ನಮ್ ಅಬ್ಬಾ ಒಪ್ತಾ ಇಲ್ಲ. ಅರ್ಜಿಗೆ ನಾಳೇನೇ ಕೊನೆ."

ಹೆಡ್‌ಮಾಸ್ಟರು ಪಕ್ಕದಲ್ಲೇ ಇದ್ದರು. ಅವಳು ಹೊರಗೆ ಹೋದ ಮೇಲೆ, "ಸಾಫ್ಟ್‌ವೇರ್ ತಪ್ಪು ಅಂದ್ಬುಡಿ, ಮುಗೀತದೆ" ಎಂದರು. ಹೇಳಬಹುದಿತ್ತು. ಆದರೆ ಅವಳು ನನ್ನ ಮುಂದೆ ಇಟ್ಟು ಹೋಗಿದ್ದ ಕಾರ್ಡಿನ ಕೆಳಗೆ, ಮಾರ್ಗದರ್ಶಕ ಶಿಕ್ಷಕ ಎಂಬಲ್ಲಿ, ನನ್ನದೇ ಹೆಸರಿತ್ತು.

ಅವಳ ತಂದೆ ಬಷೀರ್ ಬಡಗಿ. ಚಾಮರಾಜನಗರದಲ್ಲೇ ಒಂದು ಹೊಸ ಮನೆಯ ಕೆಲಸ ಹಿಡಿದಿದ್ದರು. ಸಂಜೆ ಬಸ್ಸಿಳಿದು ಮನೆಗೆ ಹೋಗದೆ ಅಲ್ಲಿಗೇ ಹೋದೆ. ಕಿಟಕಿಯ ಚೌಕಟ್ಟಿಗೆ ಗುರುತು ಹಾಕುತ್ತಿದ್ದವರು ಎದ್ದು ನಿಂತು, ಸ್ಟೂಲು ಒರೆಸಿ ಕೊಟ್ಟರು. ಮೇಷ್ಟ್ರ ಮಾತಿನಂತೆ ಮಗಳನ್ನು ಹೊಲಿಗೆ ಕ್ಲಾಸಿಗೆ ಸೇರಿಸಿರುವುದಾಗಿ ಸಂತೋಷದಿಂದಲೇ ಹೇಳಿದರು. ಸ್ಟೂಲಿನ ಮೇಲೆ ಕೂತು ನಡೆದದ್ದೆಲ್ಲ ಹೇಳಿದೆ.

ಬಷೀರ್ ಕೈಯಲ್ಲಿದ್ದ ಟೇಪನ್ನು ಕೆಳಗಿಟ್ಟರು.

"ಅಳ್ತೆ ತಗೊಳ್ದೆ ನಾನು ಒಂದು ಪಟ್ಟೀನೂ ಕುಯ್ಯಾಕಿಲ್ಲ ಸಾ. ನೀವು ನನ್ ಮಗಳ್ನ ಒಂದ್ ಮಾತೂ ಕೇಳ್ದೆ ಬರ್ದ್ಬುಟ್ರಾ?"

ತಪ್ಪು ನನ್ನದೇ ಎಂದು, ಜೊತೆಗೆ ತಂದಿದ್ದ ಕಾರ್ಡನ್ನು ಅವರ ಮುಂದಿಟ್ಟೆ. ಅವರೇ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಟ್ಟು ಹೇಳಿದರು: "ಆ ಒಲಿಗೆ ಅನ್ನೋದ್ನ ಒಡ್ದಾಕಿ. ಜಾಗ ಕಾಲಿ ಬುಡಿ, ಅವಳೇ ಬರ್ಕೊತಾಳೆ. ನೀವು ಸೈನ್ ಮಾಡಿ ಸಾಕು."

ಹೊಲಿಗೆ ಎಂಬುದನ್ನು ಹೊಡೆದುಹಾಕಿ ಸಹಿ ಮಾಡಿದೆ. ಮರುದಿನ ಅವಳು ಅರ್ಜಿ ಹಾಕಿದಳು, ಸೀಟೂ ಸಿಕ್ಕಿತು. ಈಗ ಸಿವಿಲ್ ಡಿಪ್ಲೊಮಾ ಎರಡನೇ ವರ್ಷ.

ಇಲ್ಲಿಗೆ ನಿಲ್ಲಿಸಿದ್ದರೆ ನನಗೂ ನೆಮ್ಮದಿ. ಆದರೆ ಉಳಿದ ನಲವತ್ತೊಂದು ಕಾರ್ಡುಗಳಿದ್ದವಲ್ಲ. ಆ ವಾರವೇ ಕೂತು ಒಂದೊಂದು ಮನೆಗೂ ಫೋನ್ ಹಚ್ಚಿದೆ. ಕೆಲವರು ಎತ್ತಲಿಲ್ಲ, ಕೆಲವರು ಕಾರ್ಡನ್ನೇ ನೋಡಿರಲಿಲ್ಲ. ಮಹದೇವಸ್ವಾಮಿ ಎಂಬ ಹುಡುಗ ನನಗಿಂತ ಮೊದಲೇ ಬಾಯಲ್ಲಿ ಲೆಕ್ಕ ಬಿಡಿಸುತ್ತಿದ್ದವನು. ಅವನಿಗೆ ಪೊಲೀಸ್ ಎಂದು ಬರೆದಿದ್ದೆ. ಫೋನ್ ಎತ್ತಿದ್ದು ಅವನ ತಾಯಿ.

"ಸೇರಿಸ್ಬುಟ್ಟೋ ಸಾ, ಆರ್ಟ್ಸ್‌ಗೆ. ಪೊಲೀಸಾಯ್ತಾನೆ ಅಂತ ನೀವೇ ಬರ್ದಿದ್ರಲ್ಲ, ಅದಕ್ಯಾಕೆ ಗಣಿತ ಅಂತ ಬುಡಿಸ್ಬುಟ್ಟೋ. ನಿಮ್ಮಿಂದ ಒಳ್ಳೇದಾಯ್ತು."

ಇನ್ನೂ ಬದಲಾಯಿಸಬಹುದು, ಅವನನ್ನೇ ಕೇಳಿ ನೋಡಿ ಎಂದೆ. ಹೊಸ ಪುಸ್ತಕವೆಲ್ಲ ತಂದಾಯಿತು ಎಂದರು ಆ ತಾಯಿ. ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಕಲಿಯುವ ಹೊತ್ತಿಗೆ ನಲವತ್ತೆರಡು ಜಾಗ ತುಂಬಿದ್ದೆ. ಬಂದು ಕೇಳಿದವಳು ಒಬ್ಬಳೇ.