ಕಿವಿ ಮೇಸ್ತ್ರಿಯ ಹೋಲ್ಡರುಗಳು

ಆನೆ ಘೀಳಿಟ್ಟರೆ ಯಾರಿಗಾದರೂ ಕೇಳಿಸುತ್ತದೆ. ಇರುವೆ ಆಕಳಿಸಿದ್ದು ಕೇಳಿಸಬೇಕಾದರೆ ನಮ್ಮ ಕಿವಿ ಮೇಸ್ತ್ರಿಯೇ ಆಗಬೇಕು. ಪಕ್ಕದ ಬೀದಿಯಲ್ಲಿ ಯಾರಾದರೂ ಸುಳ್ಳು ಹೇಳಲು ಬಾಯಿ ತೆರೆದರೆ, ಮಾತು ಹೊರಬೀಳುವ ಮೊದಲೇ ಅವನು ಇಲ್ಲಿ ಕಬ್ಬಿಣ ಹೆರೆಯುವ ಲೇತಿನ ಮುಂದೆ ನಿಂತು ತಲೆಯಾಡಿಸುತ್ತಿದ್ದ. ಇಡೀ ಭೂಮಂಡಲದಲ್ಲಿ ಅಂಥ ಕಿವಿ ಇನ್ನೊಂದು ಜೊತೆ ಇರಲಿಲ್ಲ. ಇದ್ದಿದ್ದರೆ ಆ ಸುದ್ದಿಯೂ ಮೊದಲು ಅವನಿಗೇ ಕೇಳಿಸುತ್ತಿತ್ತು.

ಮೇಸ್ತ್ರಿ ಕೆಲಸ ಮಾಡುತ್ತಿದ್ದುದು ಹೆಂಡತಿಯ ತಮ್ಮನ ವರ್ಕ್‌ಶಾಪಿನಲ್ಲಿ. ತಗಡಿನ ಸೂರು, ಎಣ್ಣೆ ಕುಡಿದು ಕಪ್ಪಾದ ನೆಲ, ಸಾಲಾಗಿ ನಿಂತ ಲೇತುಗಳು. ಕೊನೆಯ ದೊಡ್ಡ ಲೇತು ಅವನದು. ಗರಗರ ತಿರುಗುವ ಕಬ್ಬಿಣವನ್ನು ಹೆರೆಯುವುದು ಉಗುರಿನಷ್ಟಿರುವ ಒಂದು ಟಿಪ್ಪು. ಅದನ್ನು ಅಲ್ಲಾಡದಂತೆ ಹಿಡಿಯುವ ಉಕ್ಕಿನ ಹಿಡಿಯೇ ಹೋಲ್ಡರ್. ಟಿಪ್ಪಿನ ಒಂದು ಮೂಲೆ ಸವೆದರೆ ಬಿಚ್ಚಿ ಇನ್ನೊಂದು ಮೂಲೆಗೆ ತಿರುಗಿಸಿದರಾಯಿತು. ಲೋಕವೆಲ್ಲ ಟಿಪ್ಪನ್ನು ಹೊಗಳಿದರೆ ಮೇಸ್ತ್ರಿ ಹೋಲ್ಡರಿನ ಪಕ್ಷ.

“ಹಲ್ಲು ಎಷ್ಟು ಗಟ್ಟಿ ಇದ್ರೇನು? ವಸಡು ಸಡಿಲ ಆದ್ರೆ ಕಡಲೆ ಕನಸಲ್ಲೇ ತಿನ್ಬೇಕು” ಎನ್ನುತ್ತಿದ್ದ. ಹೋಲ್ಡರ್ ಆರಿಸುವಾಗಲೂ ಅವನದು ಒಂದೇ ಹಟ: ಜಾಗದಲ್ಲಿ ಹಿಡಿಸುವಷ್ಟು ದಪ್ಪನೆಯದು ಬೇಕು, ಹೊರಗೆ ಚಾಚುವುದು ಆದಷ್ಟು ಕಡಿಮೆ ಇರಬೇಕು. “ಮೂತಿ ಮುಂದಕ್ಕೆ ಚಾಚ್ಕೊಂಡು ನಿಂತವರು ಯಾರೇ ಆಗ್ಲಿ, ಕೆಲಸ ಬಿದ್ದಾಗ ನಡುಗ್ತಾರೆ.”

ಉಳಿದವರು ಟಿಪ್ಪು ಬದಲಿಸುವಾಗ ಅದು ಕೂರುವ ಗುಳಿಯನ್ನು ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ತಳದಲ್ಲಿರುವ ಶಿಮ್ ಎಂಬ ಪುಟ್ಟ ಬಿಲ್ಲೆ ಬಿರುಕು ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೇಸ್ತ್ರಿಗೆ ಆ ಉಸಾಬರಿಯೇ ಇಲ್ಲ. ಟಿಪ್ಪು ಕೂರಿಸಿ, ಕೂದಲೆಳೆಯಷ್ಟು ಹೆರೆದು, ತಲೆ ವಾಲಿಸುವನು. ಅಡಿಯಲ್ಲಿ ಧೂಳಿನಷ್ಟು ಚೂರು ಸಿಕ್ಕಿದ್ದರೂ ಕಬ್ಬಿಣ ಸಣ್ಣಗೆ ಸೀಟಿ ಹಾಕುತ್ತಿತ್ತು. ಆ ಸೀಟಿ ಅವನೊಬ್ಬನಿಗೇ ಕೇಳುತ್ತಿತ್ತು. ಬಿಚ್ಚಿ ನೋಡಿದರೆ ಚೂರು ಅಲ್ಲೇ! “ಕಿವಿ ಇರೋನಿಗೆ ಬ್ರಷ್ ಯಾಕ್ರಯ್ಯಾ?”

ಆದರೆ ಕಿವಿಗೆ ಹೆಸರು ತಂದ ಲೇತೇ ಕಿವಿಯನ್ನು ತಿನ್ನತೊಡಗಿತು. ಟಿಪ್ಪಾಗಿದ್ದರೆ ಇನ್ನೊಂದು ಮೂಲೆಗೆ ತಿರುಗಿಸಬಹುದಿತ್ತು. ದೇವರು ಕಿವಿಗೆ ಆ ಅನುಕೂಲ ಇಟ್ಟಿಲ್ಲ. ಮೊದಲು ಹೋದದ್ದು ಸಣ್ಣ ಸದ್ದುಗಳು. ಹೋಲ್ಡರಿನ ಸೀಟಿ ಹೋಯಿತು, ಹಾಲಿನ ಪಾತ್ರೆ ಸುಯ್ಗುಟ್ಟುವುದು ಹೋಯಿತು. ಮೇಸ್ತ್ರಿ ಯಾರಿಗೂ ಬಾಯಿ ಬಿಡಲಿಲ್ಲ. ಕಿವುಡನ ಕೈಗೆ ದೊಡ್ಡ ಲೇತು ಕೊಡುವವರು ಯಾರು? ಕೇಳಿಸದಿದ್ದರೂ ತಲೆ ವಾಲಿಸುವುದನ್ನು ಮಾತ್ರ ಬಿಡಲಿಲ್ಲ.

ಅದೇ ಹೊತ್ತಿಗೆ ಹೆಂಡತಿಯ ಗಂಟಲಿಗೆ ಆಪರೇಷನ್ ಆಯಿತು. ಮಹಡಿಯ ಮೇಲಿಂದ ಕೂಗಿದರೆ ಬೀದಿಯ ಕೊನೆಯ ಎಮ್ಮೆಯೂ ತನ್ನನ್ನೇ ಕರೆದರೆಂದು ತಿರುಗಿ ನೋಡುತ್ತಿದ್ದಂಥ ದನಿ, ನೂಲಿನ ಎಳೆಯಷ್ಟು ಉಳಿಯಿತು.

“ರೀ, ಕಿಟಕಿ ಹಾಕ್ಲಾ? ಗಾಳಿ ಬರ್ತಿದೆ.”

“ಹೂಂ, ಚೆನ್ನಾಗಿದೆ.”

“ಏನು ಚೆನ್ನಾಗಿದೆ?”

“ಆಯ್ತೇ, ನಾಳೆ ತರ್ತೀನಿ.”

ಮೊದಮೊದಲು ಅವಳು ನಕ್ಕಳು. ಆಮೇಲೆ ಗಂಡನ ಮುಖವನ್ನೇ ನೋಡುತ್ತ ನಿಂತಳು. ಕೊನೆಗೆ ಮಾತೇ ನಿಲ್ಲಿಸಿದಳು. ತಟ್ಟೆ ಇಟ್ಟು ಬೆರಳಿನಿಂದ ಮೇಜು ತಟ್ಟುವಳು, ಅಷ್ಟೆ. ನಿಜ ಹೇಳಬೇಕೆಂದರೆ ಮೇಸ್ತ್ರಿಗೆ ಆ ಮೌನ ಹಾಯೆನಿಸಿತು. ಊಹಿಸಿ ಉತ್ತರ ಕೊಡುವ ಪಡಿಪಾಟಲು ತಪ್ಪಿತಲ್ಲ!

ಒಂದು ದಿನ ದೊಡ್ಡ ಲೇತಿನ ಮೇಲೆ ಆಳುದ್ದದ ಕಬ್ಬಿಣದ ಶಾಫ್ಟು ಏರಿತ್ತು. ಕೊನೆಯ ನಯಗೆಲಸ. ಟಿಪ್ಪು ಕಬ್ಬಿಣಕ್ಕೆ ತಾಗಿದ್ದೇ ತಡ, ಎಂಥಾ ಕಿರುಚಾಟ! ಬೀದಿಯಲ್ಲಿ ಮಲಗಿದ್ದ ನಾಯಿಗಳು ಎದ್ದು ಊರು ಬಿಡಲು ಗಂಟುಮೂಟೆ ಕಟ್ಟಿದವು. ಮೇಸ್ತ್ರಿ ಮಾತ್ರ ಅದರ ಮೇಲೇ ಬಾಗಿ, ತಲೆ ವಾಲಿಸಿ, ತೃಪ್ತಿಯಿಂದ ನಿಂತಿದ್ದ. ಭಾವಮೈದ ಓಡಿಬಂದು ಲೇತು ನಿಲ್ಲಿಸಿದ. ಶಾಫ್ಟಿನ ಮೈತುಂಬ ಅಲೆ ಎದ್ದಿತ್ತು. ಟಿಪ್ಪು ಬಿಚ್ಚಿದರೆ ಶಿಮ್ ಎರಡು ಹೋಳು; ಗುಳಿಯ ಮೂಲೆಯಲ್ಲಿ ಕಬ್ಬಿಣದ ಚೂರೊಂದು ಅರೆದು ಅಂಟಿಕೊಂಡಿತ್ತು.

“ಏನ್ ಭಾವ! ಬೀದಿಗೆಲ್ಲ ಕೇಳಿಸ್ತು, ನಿಮಗೆ ಕೇಳಿಸ್ಲಿಲ್ವಾ?” ಭಾವಮೈದನದು ಡೋಲಿನಂಥ ದನಿ. ಅದು ಮಾತ್ರ ಮೇಸ್ತ್ರಿಗೆ ಇನ್ನೂ ಮುಟ್ಟುತ್ತಿತ್ತು.

“ಕೇಳಿಸ್ತು, ಕೇಳಿಸ್ತು. ಈ ಹೋಲ್ಡರೇ ಖೋಟಾ ಮಾಲು.”

“ನೀವು ಅಂದ್ಮೇಲೆ ಮುಗೀತು. ವಾಪಸ್ ಕಳಿಸ್ತೀನಿ.” ಭಾವಮೈದ ಹೊರಟವನು ನಿಂತ. “ಭಾವ, ಬೇಜಾರು ಮಾಡ್ಕೋಬೇಡಿ. ಅಕ್ಕ ನಿನ್ನೆ ಅತ್ಲು. ‘ಗಂಟಲು ಕೆಟ್ಟ ಮೇಲೆ ನಾನು ನಿನ್ನ ಭಾವನಿಗೆ ಬೇಡವಾದೆ, ನನ್ನ ದನಿ ಕೇಳಿದ್ರೆ ಏನೋ ಒಂದು ಅಂದು ತಪ್ಪಿಸ್ಕೋತಾರೆ’ ಅಂದ್ಲು. ಹೌದಾ?”

ಮೇಸ್ತ್ರಿ ಬಹಳ ಹೊತ್ತು ಗುಳಿಯ ಮೂಲೆಯನ್ನು ಉಗುರಿನಿಂದ ಕೆರೆಯುತ್ತ ನಿಂತ. ಲೇತು ಉಳಿಯಬೇಕಾದರೆ ಇನ್ನೊಂದು ಸುಳ್ಳು ಸಾಕಿತ್ತು.

“ವಾಪಸ್ ಕಳಿಸ್ಬೇಡ ಕಣೋ. ಹೋಲ್ಡರಿಗೆ ಏನೂ ಆಗಿಲ್ಲ. ಕೆಟ್ಟಿರೋದು ನನ್ನ ಕಿವಿ.”

ದೊಡ್ಡ ಲೇತು ಬೇರೆಯವನ ಪಾಲಾಯಿತು. ಕಿಟಕಿಯ ಪಕ್ಕದ ಬೆಂಚು, ಅದರ ಮೇಲೆ ವರ್ಕ್‌ಶಾಪಿನ ಅಷ್ಟೂ ಹೋಲ್ಡರುಗಳು, ಒಂದು ಬ್ರಷ್ಷು ಮೇಸ್ತ್ರಿಗೆ ಬಂದವು.

ಆ ಸಂಜೆ ಹೆಂಡತಿಯ ಮುಂದೆ ಕೂತು ಎಲ್ಲ ಹೇಳಿದ. ಅವಳು ಮೇಷ್ಟ್ರ ಹಾಗೆ ಅವನ ಕಿವಿ ಹಿಂಡಿ ಎಳೆದು, ಬಾಯಿ ಅದಕ್ಕೇ ಒತ್ತಿ ಬೈದಳು. ಮಾತು ಸಿಕ್ಕಿದ್ದು ಅರ್ಧ, ಬಿಸಿಯುಸಿರು ಪೂರ್ತಿ. ಅಂದಿನಿಂದ ಸಂಜೆ ಸಂಜೆಯೂ ಹೀಗೆಯೇ ಮಾತು. ಹೇಳದೆ ಕೂಡಿಟ್ಟದ್ದು ಕಣಜದಷ್ಟಿತ್ತು. “ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳೇ” ಎಂದು ಅವನು ಈಗ ನಾಚಿಕೆಯಿಲ್ಲದೆ ಕೇಳುತ್ತಿದ್ದ. ಆದರೆ ಗಂಟಲಿನ ರೋಗ ಮರಳಿ ಬಂದಿತ್ತು; ಪ್ರತಿ ‘ಇನ್ನೊಂದ್ಸಲ’ವೂ ಅವಳಿಗೆ ಬೆಟ್ಟ ಹತ್ತಿದಂತೆ. ಕೊನೆಯ ದಿನಗಳಲ್ಲಿ ಒಮ್ಮೆ ಏನೋ ಹೇಳಿದಳು. ಅವನು ಮತ್ತೆ ಕೇಳಿದ, ಮತ್ತೂ ಕೇಳಿದ. ಅವಳು ಹೇಳುವುದನ್ನೇ ಬಿಟ್ಟು ಬರೀ ನಕ್ಕಳು. ಅದೇನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಭಾವಮೈದ ಮಾಡಲು ಕೊಟ್ಟಿದ್ದ ಕಿವಿ ಕೇಳಿಸುವ ಮಷೀನು ತಯಾರಾಗಿ ಬಂದದ್ದು ಅವಳು ಹೋದ ಮೇಲೆ. ಭಾವಮೈದ ಪುಟ್ಟ ಡಬ್ಬಿಯನ್ನು ಬೆಂಚಿನ ಮೇಲಿಟ್ಟ.

“ಹಾಕ್ಕೊಳ್ಳಿ ಭಾವ. ದೊಡ್ಡ ಲೇತು ಮತ್ತೆ ನಿಮ್ಮದೇ.”

ಮೇಸ್ತ್ರಿ ಬ್ರಷ್ಷು ಕೆಳಗಿಡಲಿಲ್ಲ. “ಹಾಕ್ಕೊಂಡ್ರೆ ಏನೇನು ಕೇಳ್ಸುತ್ತೆ?”

“ಎಲ್ಲಾ ಕೇಳ್ಸುತ್ತೆ!”

“ಅವಳ ದನಿಯೊಂದು ಬಿಟ್ಟು, ಅಲ್ವಾ? ತಗೊಂಡು ಹೋಗಪ್ಪಾ. ನಿನ್ನ ಮಾತು ಈಗಲೇ ಬೇಕಾದ್ದಕ್ಕಿಂತ ಜಾಸ್ತಿ ಕೇಳಿಸ್ತಿದೆ.”